ಹಗುರದ ಮೇಸ್ತ್ರಿ

ಕೋ ತಿಯೆನ್‌ಫುವಿನ ಮನೆಯಲ್ಲಿ ಸಾರು ಬಡಿಸುವ ಸೌಟಿಗೆ ತೂತುಗಳಿದ್ದವು. ಕೊರೆದವನು ಅವನೇ. ಹಿಡಿಯಲ್ಲಿ ಮಾತ್ರ ಕೊರೆದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಹಿಡಿಯಲ್ಲಿ ಜಾಗ ಮುಗಿದ ಮೇಲೆ ಅವನು ಸೌಟಿನ ಬಟ್ಟಲಿಗೂ ಕೈ ಹಾಕಿದ್ದ. ಹೆಂಡತಿ ಸಿಯೂಲಾನ್ ಆ ಸೌಟಿನಲ್ಲಿ ಮೂಲಂಗಿಯನ್ನೂ ಎಲುಬನ್ನೂ ಬಡಿಸಿ, ನೀರನ್ನು ಪಾತ್ರೆ ಬಗ್ಗಿಸಿ ಸುರಿಯುತ್ತಿದ್ದಳು. ಬಂದ ನೆಂಟರು ಕೇಳಿದರೆ, "ಹಗುರ ಆಗಿದೆ ನೋಡಿ. ನನ್ನ ಕೈನೋವು ನೋಡೋಕಾಗದೆ ನಮ್ಮ ಯಜಮಾನ್ರು ಮಾಡಿಕೊಟ್ರು," ಎನ್ನುತ್ತಿದ್ದಳು. ಅವಳಿಗೆ ಎಂದೂ ಕೈನೋವು ಬಂದದ್ದಿಲ್ಲ.

ತಿಯೆನ್‌ಫು ದಾಜ್ಯಾದವನು. ಆ ಊರಿನಲ್ಲಿ ಒಂದು ಮನೆಯವರು ಸೈಕಲ್ಲಿನ ಪೆಡಲು ಮಾಡಿದರೆ ಪಕ್ಕದ ಮನೆಯವರು ಹಲ್ಲುಗಾಲಿ ಮಾಡುತ್ತಾರೆ. ಮೂರನೆಯ ಮನೆಯವರು ಇಬ್ಬರಿಗಿಂತ ತಾವು ಹಗುರವಾಗಿ ಮಾಡುತ್ತೇವೆಂದು ಜಂಬ ಕೊಚ್ಚುತ್ತಾರೆ. ಅಲ್ಲಿ ಯಾವ ವಸ್ತುವನ್ನೂ ಮೊದಲು ಕಣ್ಣಿನಿಂದ ನೋಡುವ ರೂಢಿಯಿಲ್ಲ. ಕಿರುಬೆರಳಿಗೆ ತಗುಲಿಸಿ ಎತ್ತುತ್ತಾರೆ, ತುಟಿ ಓರೆ ಮಾಡುತ್ತಾರೆ, ಆಮೇಲೆ ಬೇಕಾದರೆ ನೋಡುತ್ತಾರೆ. ಮೊದಲ ಮಗಳು ಹುಟ್ಟಿದಾಗ ತಿಯೆನ್‌ಫು ಮಗುವನ್ನು ಕೈಗೆ ತೆಗೆದುಕೊಂಡು, "ಪರವಾಗಿಲ್ಲ, ಹಗುರವಾಗಿದೆ," ಎಂದಿದ್ದ. ಅದು ಅವನ ಬಾಯಿಂದ ಬರಬಹುದಾದ ಅತಿ ದೊಡ್ಡ ಹೊಗಳಿಕೆ. ಅವನ ಅತ್ತೆಗೆ ಅದು ಗೊತ್ತಿರಲಿಲ್ಲವಾದ್ದರಿಂದ ಬಾಣಂತನ ಮುಗಿಯುವವರೆಗೂ ಅವನೊಂದಿಗೆ ಮಾತಾಡಲಿಲ್ಲ. ಲೋಕದ ಭಾರವನ್ನೆಲ್ಲ ಇಳಿಸಲು ಹೊರಟ ಈ ಮನುಷ್ಯನ ಹೊಟ್ಟೆ ಮಾತ್ರ ವರ್ಷದಿಂದ ವರ್ಷಕ್ಕೆ ಮುಂದಕ್ಕೆ ಬಂತು. ಅದನ್ನು ಕೊರೆಯುವ ಉಪಾಯ ಅವನಿಗೆ ಹೊಳೆದಿರಲಿಲ್ಲ.

ಸೈಕಲ್ ಕಾರ್ಖಾನೆಯಲ್ಲಿ ಅವನು ಚೌಕಟ್ಟಿನ ಅಲ್ಯುಮಿನಿಯಂ ಕೊಳವೆಗಳನ್ನು ಬೆಸೆಯುತ್ತಿದ್ದ. ಆಮೇಲೆ ಬೆಸುಗೆಯೇ ಬೇಡದ, ಕಪ್ಪು ಕಾರ್ಬನ್ ನೂಲಿನ ಹಾಳೆಗಳನ್ನು ಅಂಟಿಸಿ ಮಾಡುವ ಚೌಕಟ್ಟುಗಳು ಬಂದವು. ಅವು ತನ್ನವಕ್ಕಿಂತ ಹಗುರವೆಂದು ಅವನ ಕಿರುಬೆರಳಿಗೆ ಗೊತ್ತಾದ ದಿನವೇ ಕೆಲಸ ಬಿಟ್ಟ. ಹೆಂಡತಿಯ ತವರು ವಾಂಗ್‌ಗೊಂಗ್‌ಗೆ ಬಂದು, ಮಾವನ ಹಳೆಯ ಹಂದಿ ಕೊಟ್ಟಿಗೆಯನ್ನು ತೊಳೆಸಿ ಬೆಸುಗೆ ಯಂತ್ರ ಇಟ್ಟ. ಊರವರು ಅವನನ್ನು ಮೇಸ್ತ್ರಿ ಎಂದರು. ಸಮುದ್ರದ ಉಪ್ಪುಗಾಳಿಗೆ ತುಕ್ಕು ಹಿಡಿದ ಗೇಟು ರಿಪೇರಿ ಮಾಡಿಸಲು ಬಂದರು. ಅವನು ಗೇಟಿಗೂ ತೂತು ಕೊರೆದು ಕಳಿಸಿದ.

ನಡೆಯಲಾಗದವರ ಗಾಡಿ ಮಾಡುವ ಕೆಲಸ ಶುರುವಾದದ್ದು ಸಿಯೂಲಾನಳ ಚಿಕ್ಕಪ್ಪನ ಮಗನಿಂದ. ಅವನಿಗೆ ಎಳವೆಯಲ್ಲೇ ಪೋಲಿಯೊ ಆಗಿತ್ತು. ದೇವಸ್ಥಾನದ ಎದುರು ಕೂತು ಲಾಟರಿ ಚೀಟಿ ಮಾರುತ್ತಿದ್ದ. ತಿಯೆನ್‌ಫು ಅವನಿಗೆ ಕೈಯಿಂದ ಓಡಿಸುವ ಮೂರು ಗಾಲಿಯ ಸೈಕಲ್ ಮಾಡಿಕೊಟ್ಟ. ಸವಾರ ಮಲಗಿದಂತೆ ಕೂತು, ಎದೆಯ ಮುಂದೆ ಪೆಡಲು ತಿರುಗಿಸಿದರೆ ಅದು ಬಾಣದಂತೆ ಓಡುತ್ತಿತ್ತು. ಲಾಟರಿಯವನು ಮೊದಲ ದಿನವೇ ಮುಂದಿನ ಊರಿಗೆ ಹೋಗಿ ಅಲ್ಲಿಯ ಲಾಟರಿಯವನ ಗಿರಾಕಿಗಳನ್ನೆಲ್ಲ ಕಿತ್ತುಕೊಂಡು ಬಂದ. ಚಳಿಗಾಲದ ಈಶಾನ್ಯ ಗಾಳಿ ಬೀಸಿದಾಗ, ಅವನು ಇಳಿದು ಚಹಾ ಕುಡಿಯುತ್ತಿದ್ದ ಹೊತ್ತಿನಲ್ಲಿ, ಸೈಕಲ್ ತಾನಾಗಿ ಎದ್ದು ಪಕ್ಕದವರ ಬಾತುಕೊಳಕ್ಕೆ ಹೋಗಿ ಬಿತ್ತು. ಬಾತುಗಳು ಮೂರು ದಿನ ಮೊಟ್ಟೆ ಇಡಲಿಲ್ಲ. ತಿಯೆನ್‌ಫು ಈ ಸುದ್ದಿಯನ್ನು ಪ್ರಶಸ್ತಿಪತ್ರದಂತೆ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಗಾಳಿಯೂ ಸಮುದ್ರವೂ ಇರುವ ಊರಿನಲ್ಲಿ ಇಂಥ ಸುದ್ದಿಯಿಂದ ಮನುಷ್ಯ ಏನಾದರೂ ಕಲಿಯಬೇಕಿತ್ತು. ಅವನು ಕಲಿಯಲಿಲ್ಲ.

ಬೊಂಗ್‌ಚೀ ಅಜ್ಜಿ ಅವನ ಕೊಟ್ಟಿಗೆಗೆ ಬಂದದ್ದು ಹುಣ್ಣಿಮೆ ಹಬ್ಬಕ್ಕೆ ಇನ್ನೂ ಎರಡು ತಿಂಗಳಿದ್ದಾಗ. ಬೊಂಗ್‌ಚೀ ಎಂದರೆ ‘ಹೇಗೋ ಸಾಕಿಕೊಳ್ಳೋಣ’ ಎಂದರ್ಥ. ಗಂಡು ಬೇಕೆಂದು ಕಾದ ಮನೆಯಲ್ಲಿ ನಾಲ್ಕನೆಯ ಹೆಣ್ಣಾಗಿ ಹುಟ್ಟಿದ್ದಕ್ಕೆ ಇಟ್ಟ ಹೆಸರು. ಹಾಗೆ ಹೆಸರಿಟ್ಟವರನ್ನೆಲ್ಲ ಮುಪ್ಪಿನಲ್ಲಿ ಸಾಕಿ ಸಮಾಧಿಗೆ ಕಳಿಸಿದವಳು ಅವಳೇ. ಮೂರು ವರ್ಷದ ಹಿಂದೆ ಎತ್ತಿನಗಾಡಿಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿತ್ತು. ಅಂದಿನಿಂದ ಸಮುದ್ರದಂಡೆಯ ತಗಡಿನ ಚಪ್ಪರದಲ್ಲಿ, ಉಳಿದ ಹೆಂಗಸರ ಜೊತೆ ಕೂತು, ಮೊಂಡು ಚಾಕುವಿನಿಂದ ಸಿಂಪಿ ಬಿಡಿಸುತ್ತಿದ್ದಳು. ಸಿಂಪಿ ಬೆಳೆಸಲು ಅವಳು ನೆಟ್ಟ ಬಿದಿರುಗೂಟಗಳು ದೂರದ ಕೆಸರುಬಯಲಿನಲ್ಲಿದ್ದವು. ನೀರು ಇಳಿದಾಗ ಮೈದುನ ಅಲೊಂಗ್ ಎತ್ತಿನಗಾಡಿ ಹೊಡೆದುಕೊಂಡು ಹೋಗಿ ತನ್ನವನ್ನೂ ಅವಳವನ್ನೂ ನೋಡಿಕೊಂಡು ಬರುತ್ತಿದ್ದ. ಬಂದವನು ಒಂದು ದಿನ ಚಪ್ಪರದ ಎದುರು ಗಾಡಿ ನಿಲ್ಲಿಸಿ ಹೇಳಿದ:

"ಅತ್ತಿಗೆ, ಸಮುದ್ರಕ್ಕೆ ಬರೋಕಾಗದವರಿಗೆ ಸಮುದ್ರದಲ್ಲಿ ಜಾಗ ಯಾಕೆ? ಹಬ್ಬ ಮುಗಿದ ಮೇಲೆ ನಿಮ್ಮ ಗೂಟ ಕಿತ್ತು ನನ್ನ ಗೂಟ ನೆಡ್ತೀನಿ. ನೀವು ಇಲ್ಲೇ ನೆರಳಲ್ಲಿ ಆರಾಮಾಗಿ ಚಿಪ್ಪು ಬಿಡಿಸ್ಕೊಂಡಿರಿ."

"ಆರಾಮು ನಿನ್ನ ಎತ್ತಿಗೆ ಹೇಳು. ಅದಕ್ಕೆ ಬೇಕಾಗಿದೆ," ಎಂದಳು ಬೊಂಗ್‌ಚೀ.

"ಸಿಟ್ಟು ಯಾಕೆ? ಗೂಟ ನೋಡೋಕೆ ಕಾಲು ಬೇಕಲ್ವಾ?"

"ಹಬ್ಬದೊಳಗೆ ನಾನು ಹೋಗಿ ನನ್ನ ಗೂಟ ಮುಟ್ತೀನಿ. ಯಾರೂ ನನ್ನ ಎತ್ತಬಾರದು, ಯಾರೂ ಎಳೀಬಾರದು. ಮುಟ್ಟಿದ್ರೆ ಈ ಚಳಿಗಾಲ ಪೂರ್ತಿ ನೀನು ಇಲ್ಲಿ ನಮ್ಮ ಜೊತೆ ಕೂತು ಚಿಪ್ಪು ಬಿಡಿಸ್ಬೇಕು."

ಚಾಕುಗಳೆಲ್ಲ ನಿಂತವು. ವಾಂಗ್‌ಗೊಂಗ್‌ನಲ್ಲಿ ಗಂಡಸು ಸಮುದ್ರಕ್ಕೆ ಹೋಗುತ್ತಾನೆ, ಎತ್ತು ತೊಳೆಯುತ್ತಾನೆ, ಜೂಜಾಡುತ್ತಾನೆ, ಚಿಪ್ಪು ಬಿಡಿಸುವುದಿಲ್ಲ.

"ಮುಟ್ಟದಿದ್ರೆ?" ಎಂದ ಅಲೊಂಗ್.

"ಗೂಟ ನಿಂದು."

ಬಾಯಿ ಜಾರಿ ಆಡಿದ ಮಾತಲ್ಲ ಅದು. ಆ ಗೂಟಗಳನ್ನು ಬಿಟ್ಟರೆ ಬೊಂಗ್‌ಚೀಯದು ಎನ್ನುವಂಥದ್ದು ಲೋಕದಲ್ಲಿ ಬೇರೇನೂ ಇರಲಿಲ್ಲ. ಮನೆ ಮಗನದು, ಹೊಲ ಮೈದುನನದು, ಸಮಾಧಿಯ ಜಾಗ ಕೂಡ ಗಂಡನ ಮನೆತನದ್ದು.

ಮಗನ ಟ್ರ್ಯಾಕ್ಟರಿನಲ್ಲಿ ಗಾಲಿಕುರ್ಚಿಯ ಸಮೇತ ಬಂದ ಅವಳನ್ನು ತಿಯೆನ್‌ಫು ಕೊಟ್ಟಿಗೆಯ ಬಾಗಿಲಲ್ಲಿ ಎದುರುಗೊಂಡ. ನಮಸ್ಕಾರ ಹೇಳುವ ಮೊದಲೇ ಕಿರುಬೆರಳನ್ನು ಕುರ್ಚಿಯ ಕೈಗೆ ತಗುಲಿಸಿ ಎತ್ತಲು ನೋಡಿದ. ಅಜ್ಜಿ ಮಡಿಲಲ್ಲಿದ್ದ ಚಾಕುವಿನ ಹಿಡಿಯಿಂದ ಅವನ ಗೆಣ್ಣಿಗೆ ಕುಟ್ಟಿದಳು.

"ಏನೋ ಮಾಡ್ತಿದೀಯ?"

"ತೂಕ ನೋಡ್ತಿದೀನಿ, ಅಜ್ಜಿ."

"ನಾನೇನು ಹಂದೀನಾ?"

"ಬೇಜಾರು ಮಾಡ್ಕೋಬೇಡಿ ಅಜ್ಜಿ, ಈ ಜಾಗದ ಗುಣ ಅದು," ಎಂದಳು ಸಿಯೂಲಾನ್ ಒಳಗಿನಿಂದ. "ಮುಂಚೆ ಇಲ್ಲಿ ಅವೇ ಇದ್ದಿದ್ದು."

ತಿಯೆನ್‌ಫು ಗೆಣ್ಣು ಉಜ್ಜಿಕೊಳ್ಳುತ್ತ ಎಲ್ಲವನ್ನೂ ಕೇಳಿಸಿಕೊಂಡ. ಕೆಸರಿನ ಮೇಲೆ ಓಡುವ ಕುರ್ಚಿ. ಓಡಿಸುವುದು ಅಜ್ಜಿಯ ತೋಳು. "ಕೆಸರು ಯಾರನ್ನ ಹಿಡ್ಕೊಳ್ಳತ್ತೆ? ಭಾರ ಇರೋರನ್ನ. ಹಗುರ ಇದ್ರೆ ಕೆಸರಿಗೆ ಗೊತ್ತೇ ಆಗಲ್ಲ, ಮೇಲೆ ಯಾರೋ ಹೋದ್ರು ಅಂತ," ಎಂದ. ಇದು ಸರಿಯಾದ ಮಾತು. ಸರಿಯಾದ ಮಾತೊಂದನ್ನು ಹಿಡಿದುಕೊಂಡವನು ಮುಂದೆ ಏನನ್ನೂ ಕೇಳುವುದಿಲ್ಲ. ಅವನ ವಿಷಯದಲ್ಲೂ ಹಾಗೆಯೇ ಆಯಿತು.

ಮೊದಲ ಕುರ್ಚಿಗೆ ಸೈಕಲ್ಲಿನದೇ ಸಪೂರ ಗಾಲಿ ಹಾಕಿದ. ಸಮುದ್ರದ ಒಡ್ಡಿನ ಕೆಳಗೆ ಇಳಿಸಿದ ಕೂಡಲೇ ಅದು ಗುದ್ದಲಿಯ ಹಾಗೆ ನೆಟ್ಟಗೆ ಕೆಸರಿಗಿಳಿಯಿತು. ಅವನು ಅಗೆದು ಬಿಡಿಸುವಷ್ಟು ಹೊತ್ತೂ ಬೊಂಗ್‌ಚೀ ಮೇಲೆಯೇ ಕೂತು, ಅವನ ಅಪ್ಪ ಅಜ್ಜ ಯಾವ ಊರಿನವರು, ಅವರಲ್ಲಿ ಯಾರಿಗಾದರೂ ಬುದ್ಧಿ ಇತ್ತೇ ಎಂದು ವಿಚಾರಿಸಿಕೊಂಡಳು.

ಎರಡನೆಯದಕ್ಕೆ ಕುಂಬಳಕಾಯಿಯಂಥ ನಾಲ್ಕು ಗಾಲಿ. ಅಂಗೈ ಒತ್ತಿದರೆ ತಗ್ಗಾಗುವಷ್ಟು ಮೆತ್ತನೆಯ ಗಾಳಿ. ಸರಪಣಿಯನ್ನು ಉಪ್ಪು ತಿನ್ನುತ್ತದೆಂದು ರಬ್ಬರ್ ಪಟ್ಟಿ ಹಾಕಿದ. ಎಡಕ್ಕೊಂದು ಬಲಕ್ಕೊಂದು ಸನ್ನೆಗೋಲು. ದೋಣಿಯ ಹುಟ್ಟು ಎಳೆದಂತೆ ಎಳೆದರೆ ಗಾಲಿ ಉರುಳಬೇಕು. ಅಜ್ಜಿ ನಾಲ್ಕು ಸಲ ಎಳೆದು, "ಕೈಗೆ ಕೂರ್ತಿಲ್ಲ," ಎಂದಳು. ತಿಯೆನ್‌ಫು ನಯವಾದ ಹಿಡಿ ಹಾಕಿದ, ಕೂರಲಿಲ್ಲ. ದಪ್ಪ ಹಿಡಿ ಹಾಕಿದ, ಕೂರಲಿಲ್ಲ. ಕೊನೆಗೆ ಅವಳದೇ ಎರಡು ಹಳೆಯ ಚಿಪ್ಪಿನ ಚಾಕುಗಳ ಮರದ ಹಿಡಿಗಳನ್ನು ಬಿಚ್ಚಿ ಸನ್ನೆಗೋಲಿನ ತುದಿಗೆ ಕೂರಿಸಿದ. ಅಜ್ಜಿ ಎಳೆಯತೊಡಗಿದಳು. ಕೊಟ್ಟಿಗೆಯ ಬಾಗಿಲು ದಾಟಿ, ಅಂಗಳ ದಾಟಿ, ಸಿಯೂಲಾನಳ ಈರುಳ್ಳಿ ಮಡಿಯನ್ನೂ ದಾಟಿದ ಮೇಲೆಯೇ ನಿಂತಳು.

"ಬಲಕ್ಕೆ ಎಳೀತದೆ," ಎಂದಳು.

"ಈರುಳ್ಳಿ ಆ ಕಡೆ ಇರ್ಲಿಲ್ಲ," ಎಂದಳು ಸಿಯೂಲಾನ್.

ಆಮೇಲೆ ಅವನು ತೂತು ಕೊರೆಯಲು ಕೂತ. ಕೈಯಾಸರೆಗೆ, ಬೆನ್ನಿನ ಪಟ್ಟಿಗೆ, ಕಾಲಿಡುವ ಹಲಗೆಗೆ, ಬದಿಯ ಪಟ್ಟಿಗಳಿಗೆ ಸಾಲುಸಾಲಾಗಿ ತೂತು. ಮುಗಿಸಿದಾಗ ಕುರ್ಚಿ ಜೇನುತಟ್ಟಿಯಂತೆ ಕಾಣುತ್ತಿತ್ತು. ಎರಡು ಬೆರಳಿನಲ್ಲಿ ಎತ್ತಿ ತೋರಿಸಿದ. ಒಡ್ಡಿನ ಕೆಳಗೆ ಓಡಿಸಿ ನೋಡಿದರು. ಗಾಲಿಯ ಗುರುತು ಏಡಿ ನಡೆದಷ್ಟೂ ಮೂಡಲಿಲ್ಲ. ತಿಯೆನ್‌ಫು ಒಡ್ಡಿನ ಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಂತು ಸಮುದ್ರವನ್ನು ತಾನೇ ಮಾಡಿಸಿದ್ದು ಎನ್ನುವಂತೆ ನೋಡಿದ. ಅಲ್ಲಿಂದ ಮುಂದಕ್ಕೆ ಅವನು ಒಂದು ಸಲವೂ ಹೋಗಲಿಲ್ಲ. ಗೂಟಗಳ ಈಚೆಗೆ ಒಂದು ಹಳ್ಳವಿದೆ, ಎಷ್ಟು ಇಳಿತವಾದರೂ ಅದರಲ್ಲಿ ನೀರು ಬತ್ತುವುದಿಲ್ಲ, ಎತ್ತು ಹೊಟ್ಟೆ ತೋಯಿಸಿಕೊಂಡು ದಾಟುತ್ತದೆ ಎನ್ನುವುದು ವಾಂಗ್‌ಗೊಂಗ್‌ನ ಬೆಕ್ಕಿಗೂ ಗೊತ್ತು. ಗೊತ್ತಿಲ್ಲದವನು ಅವನೊಬ್ಬನೇ. ಎಲ್ಲರಿಗೂ ಗೊತ್ತಿರುವುದನ್ನು ಯಾರು ಯಾರಿಗೆ ಹೇಳುತ್ತಾರೆ?

ಹಬ್ಬದ ಮುನ್ನಾದಿನದ ಬೆಳಗ್ಗೆ ಚಪ್ಪರದ ಹೆಂಗಸರೆಲ್ಲ ಟ್ರ್ಯಾಕ್ಟರುಗಳ ಮೇಲೆ ಕೂತು ಕೆಸರುಬಯಲಿನ ಗಟ್ಟಿ ದಾರಿ ಹಿಡಿದು ಹೊರಟರು. ಹಬ್ಬಕ್ಕೆಂದು ತಂದಿದ್ದ ಚಕ್ಕೋತಗಳನ್ನು ಅಲ್ಲಿಯೇ ಸುಲಿದು ತಿನ್ನುತ್ತ, ಸಿಪ್ಪೆಯನ್ನು ಬಿಸಿಲಿಗೆ ಟೊಪ್ಪಿಗೆ ಮಾಡಿಕೊಂಡು ಕೂತರು. ತೀರ್ಪು ಹೇಳಲು ಕುಯ್‌ಹ್ವಾ ಒಪ್ಪಿದ್ದಳು. ಚಪ್ಪರದಲ್ಲಿ ಹಿರಿಯವಳು; ಅವಳಿಗೆ ಬೊಂಗ್‌ಚೀಯನ್ನು ಕಂಡರೂ ಆಗದು, ಅಲೊಂಗನನ್ನು ಕಂಡರೂ ಆಗದು. ಇದಕ್ಕಿಂತ ಒಳ್ಳೆಯ ನ್ಯಾಯಾಧೀಶರು ಸಿಗುವುದಿಲ್ಲ. ತಿಯೆನ್‌ಫು ಹೊಸ ರಬ್ಬರ್ ಬೂಟು ಹಾಕಿಕೊಂಡು ಅವಳ ಪಕ್ಕದಲ್ಲಿ ಕೂತಿದ್ದ.

ಕೆಸರಿನ ಮೇಲೆ ಬೊಂಗ್‌ಚೀಯ ಕುರ್ಚಿ ಅಲೊಂಗನ ಎತ್ತಿನಗಾಡಿಯನ್ನು ಹಿಂದೆ ಹಾಕಿತು. ಸಂಜೆ ಹಾಡು ಹೇಳಿಕೊಂಡು ಬೀದಿ ಗುಡಿಸುವವಳಂತೆ ಅವಳು ಸಲೀಸಾಗಿ ಎಳೆಯುತ್ತಿದ್ದಳು.

"ಅಲೊಂಗ್, ನಿನ್ನ ಎತ್ತಿಗೂ ತೂತು ಕೊರೆಸು," ಎಂದು ಯಾರೋ ಕೂಗಿದರು.

ಹಳ್ಳ ಬಂತು. ಬೊಂಗ್‌ಚೀ ನಿಧಾನ ಮಾಡದೆ ಇಳಿದಳು. ಗಾಲಿ ಅರ್ಧ ಮುಳುಗಿತು, ಮುಂದೆ ಮುಳುಗಲಿಲ್ಲ. ಅವಳು ಸನ್ನೆಗೋಲು ಎಳೆದಳು. ಗಾಲಿಗಳು ತಿರುಗಿ ನೀರು ಚಿಮ್ಮಿಸಿದವು. ಕುರ್ಚಿ ಮುಂದೆ ಹೋಗಲಿಲ್ಲ. ಒಂದು ಸುತ್ತು ತಿರುಗಿತು. ಆಮೇಲೆ ಇಳಿಯುವ ನೀರಿನ ಜೊತೆ, ಯಾವ ಅವಸರವೂ ಇಲ್ಲದೆ, ಪಡುವಣಕ್ಕೆ ಹೊರಟಿತು. ಬೊಂಗ್‌ಚೀ ಅದರ ಮೇಲೆ ನೆಟ್ಟಗೆ ಕೂತಿದ್ದಳು, ಮೆರವಣಿಗೆ ಹೊರಟ ದೇವತೆಯಂತೆ.

"ತೇಲ್ತಿದೆ," ಎಂದ ತಿಯೆನ್‌ಫು. ಅವನ ದನಿಯಲ್ಲಿ ಒಂದು ಕ್ಷಣ ಹೆಮ್ಮೆಯೇ ಇತ್ತೆಂದು ಕುಯ್‌ಹ್ವಾ ಆಮೇಲೆ ಎಲ್ಲರಿಗೂ ಹೇಳಿದಳು.

"ಹಳ್ಳ ಇದೆ ಅಂತ ನಿಂಗೆ ಗೊತ್ತಿರ್ಲಿಲ್ವಾ?" ಎಂದು ಕುಯ್‌ಹ್ವಾ ಕೇಳಿದಳು.

"ಯಾರೂ ಹೇಳ್ಲಿಲ್ಲ."

"ಸಮುದ್ರದಲ್ಲಿ ನೀರಿರತ್ತೆ ಅಂತಾನೂ ಹೇಳ್ಬೇಕಿತ್ತಾ?"

ಅವನು ಟ್ರ್ಯಾಕ್ಟರಿನಿಂದ ಧುಮುಕಿದ. ನಾಲ್ಕು ಹೆಜ್ಜೆಗೆ ಮೊಣಕಾಲಿನವರೆಗೆ ಹೂತುಕೊಂಡ. ಬಲಗಾಲನ್ನು ಎಳೆದರೆ ಕಾಲು ಬಂತು, ಬೂಟು ಬರಲಿಲ್ಲ. ಎಡಗಾಲನ್ನು ಎಳೆದರೆ ಕಾಲೂ ಬರಲಿಲ್ಲ. ಭಾರ ಇರುವವರನ್ನು ಕೆಸರು ಹಿಡಿದುಕೊಳ್ಳುತ್ತದೆ ಎಂದು ಹೇಳಿದವನು ಅವನೇ ಅಲ್ಲವೆ.

ಅಲೊಂಗ್ ಎತ್ತನ್ನು ಹಳ್ಳದ ಅಂಚಿನಲ್ಲೇ ನಡೆಸುತ್ತ ಕುರ್ಚಿಯ ಜೊತೆಜೊತೆಗೆ ಹೋದ.

"ಅತ್ತಿಗೆ, ಸಮುದ್ರ ದಾಟಿ ಫುಜಿಯಾನ್‌ಗೆ ಹೊರಟ್ರಾ? ನಮ್ಮ ಮುತ್ತಜ್ಜಂದಿರು ಬಂದ ದಾರಿ ಅದೇ. ಅಲ್ಲಿ ನೆಂಟರು ಸಿಕ್ರೆ ಕೇಳಿದೆ ಅಂತ ಹೇಳಿ."

"ಎತ್ತಿನ ಕಡೆ ನೋಡ್ಕೊಂಡು ಹೋಗು. ಹಳ್ಳಕ್ಕೆ ಬಿದ್ದೀಯ."

"ಹಗ್ಗ ಎಸೀಲಾ?" ಈಗ ಅವನ ದನಿಯಲ್ಲಿ ನಗು ಕಡಿಮೆಯಾಗಿತ್ತು. ಹಳ್ಳ ಮುಂದೆ ಅಗಲವಾಗಿ ಸಮುದ್ರಕ್ಕೆ ಬಾಯಿ ಬಿಡುತ್ತಿತ್ತು. "ಅತ್ತಿಗೆ, ಹಗ್ಗ ಹಿಡ್ಕೊಳ್ಳಿ. ಗೂಟದ ಮಾತು ಆಮೇಲೆ."

"ಹಗ್ಗ ಹಿಡಿದ್ರೆ ಎಳೆದ ಹಾಗಾಗತ್ತೆ. ಬೇಡ."

"ಮುಳುಗಿ ಸತ್ರೆ ಗೂಟ ಯಾರಿಗೆ?"

"ಮುಳುಗೋಕಾದ್ರೆ ಇಷ್ಟು ಹೊತ್ತಿಗೆ ನೆಲ ಸಿಗ್ತಿತ್ತು," ಎಂದಳು ಬೊಂಗ್‌ಚೀ. ಎಂದವಳು ತಾನು ಆಡಿದ ಮಾತನ್ನೇ ಇನ್ನೊಮ್ಮೆ ಯೋಚಿಸಿದಂತೆ ಆಚೀಚೆ ನೋಡಿದಳು.

ಹಳ್ಳದ ಆಚೆ ದಡಕ್ಕೆ ತಾಗಿ ಬಿದಿರುಗೂಟಗಳ ಸಾಲಿತ್ತು. ಗೂಟದಿಂದ ಗೂಟಕ್ಕೆ ಕಟ್ಟಿದ ಹಗ್ಗಗಳಲ್ಲಿ ಸಿಂಪಿಯ ಸರಗಳು ತೂಗಾಡುತ್ತಿದ್ದವು. ಬಲಿತ ಸಿಂಪಿ, ಒಂದೊಂದು ಸರ ಒಂದೊಂದು ಹಂದಿಮರಿಯಷ್ಟು ಭಾರ. ನೀರು ಕುರ್ಚಿಯನ್ನು ಅವುಗಳ ಪಕ್ಕಕ್ಕೇ ಒಯ್ಯಿತು. ಬೊಂಗ್‌ಚೀ ಒಂದು ಸರವನ್ನು ಹಿಡಿದಳು, ಚಾಕುವಿನಿಂದ ಮೇಲಿನ ದಾರ ಕತ್ತರಿಸಿದಳು, ಮಡಿಲಿಗೆ ಹಾಕಿಕೊಂಡಳು. ಎರಡನೆಯದು ಮಡಿಲಲ್ಲಿ ಹಿಡಿಸಲಿಲ್ಲ. ಆಗ ಕೈಯಾಸರೆಯ ತೂತು ಅವಳ ಕಣ್ಣಿಗೆ ಬಿತ್ತು. ದಾರವನ್ನು ಅದರೊಳಗೆ ತೂರಿಸಿ ಒಂದು ಗಂಟು ಹಾಕಿದಳು. ತೂತುಗಳಿಗೇನು ಕೊರತೆ? ತಿಯೆನ್‌ಫು ತೂಕ ಇಳಿಸಲೆಂದು ಕೊರೆದ ಒಂದೊಂದು ತೂತಿಗೂ ಒಂದೊಂದು ಸರ ನೇತುಬಿದ್ದಿತು. ಐವತ್ತು ವರ್ಷ ಸಿಂಪಿ ಕಟ್ಟಿದ ಕೈ. ನೋಡುವವರ ಕಣ್ಣಿಗೆ ಗಂಟು ಬೀಳುವುದೂ ಕಾಣಲಿಲ್ಲ. ಕುರ್ಚಿ ಒಂದು ಕಡೆಗೆ ವಾಲಿತು. ಇನ್ನೊಂದು ಕಡೆಗೂ ಕಟ್ಟಿದಳು. ಗಾಲಿಗಳು ಒಂದೊಂದಾಗಿ ನೀರಿನೊಳಗೆ ಕೂತವು. ಹಿಂದಿನ ಗಾಲಿ ಕೆಸರು ಕಚ್ಚಿದಾಗ ಕುರ್ಚಿ ಒಮ್ಮೆ ಜಗ್ಗಿ ನಿಂತಿತು. ಬೊಂಗ್‌ಚೀ ಚಾಕುವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಎರಡೂ ಸನ್ನೆಗೋಲುಗಳನ್ನು ಎಳೆದಳು.

ಎದೆಯ ತುಂಬ ಸಿಂಪಿಯ ಮಾಲೆ ತೊಟ್ಟ ಕುರ್ಚಿ ನೀರು ಸುರಿಸುತ್ತ ಆಚೆ ದಡಕ್ಕೆ ಏರಿತು.

ಟ್ರ್ಯಾಕ್ಟರುಗಳ ಮೇಲೆ ಚಕ್ಕೋತ ತಿನ್ನುವುದು ನಿಂತಿತ್ತು. ಅಲೊಂಗ್ ಬಾಯಿ ತೆರೆದವನು ಮುಚ್ಚಿರಲಿಲ್ಲ. ಆಮೇಲೆ ಮುಚ್ಚಿ, ಮತ್ತೆ ತೆರೆದು, "ಅವು ನನ್ನ ಸಿಂಪಿ," ಎಂದ.

ಬೊಂಗ್‌ಚೀ ತನ್ನ ಗೂಟದ ಹತ್ತಿರ ಹೋಗಿ, ಅದನ್ನು ಅಂಗೈಯಿಂದ ಒಮ್ಮೆ ತಟ್ಟಿದಳು. ಆಮೇಲೆ ಅಲೊಂಗ್ ಕಟ್ಟಿದ್ದ ಗಂಟುಗಳನ್ನು ಒಂದೊಂದಾಗಿ ಪರೀಕ್ಷಿಸಿ, "ಇದು ಗಂಟಾ? ಮದುಮಗಳ ಜಡೆಗೆ ಕಟ್ಟಿದ ಹಾಗಿದೆ," ಎಂದಳು.

ಅಲೊಂಗ್ ಕುಯ್‌ಹ್ವಾಳ ಮುಂದೆ ದೂರು ತೆಗೆದ. "ನನ್ನ ಸಿಂಪಿ ಇಲ್ದೆ ಇದ್ರೆ ಇವರು ಇಷ್ಟು ಹೊತ್ತಿಗೆ ಫುಜಿಯಾನ್‌ನಲ್ಲಿ ಇರ್ತಿದ್ರು. ಅದು ನನ್ನ ಸಹಾಯ ಆಯ್ತಲ್ಲ. ಪಂಥ ಮುರೀತು."

ಕುಯ್‌ಹ್ವಾ ಬಾಯಲ್ಲಿದ್ದ ಬೀಜ ಉಗಿದಳು. "ಪಂಥ ಏನಿತ್ತು? ಯಾರೂ ಎತ್ತಬಾರದು, ಯಾರೂ ಎಳೀಬಾರದು. ನಿನ್ನ ಸಿಂಪಿ ಎತ್ತಿತಾ?"

"ಇಲ್ಲ."

"ಎಳೀತಾ?"

"ಇಲ್ಲ, ಆದ್ರೆ..."

"ಕೆಳಕ್ಕೆ ಒತ್ತಿತು. ಒತ್ತಬಾರದು ಅಂತ ಯಾರೂ ಹೇಳಿರ್ಲಿಲ್ಲ. ನಾಳಿದ್ದು ಬೆಳಗ್ಗೆ ಚಪ್ಪರಕ್ಕೆ ಬಾ. ಚಿಪ್ಪು ಬಿಡಿಸೋವಾಗ ತೋಳಿಗೆ ಹಾಕ್ಕೊಳ್ಳೋ ಹೂವಿನ ಬಟ್ಟೆ ನಂದು ಒಂದು ಜೊತೆ ಹೆಚ್ಚಿಗೆ ಇದೆ."

ಅಲೊಂಗ್ ಬಂದ. ಮೊದಲು ಬಿಡಿಸಿದ್ದು ಕುರ್ಚಿಗೆ ನೇತುಬಿದ್ದು ಬಂದ ಅವನದೇ ಸಿಂಪಿಗಳನ್ನು. ಬೆರಳು ಕುಯ್ದುಕೊಂಡಾಗಲೆಲ್ಲ ಹೆಂಗಸರು ಅವನಿಗೆ ಔಷಧಿಯ ಬದಲು ಸಲಹೆ ಕೊಟ್ಟರು.

ತಿಯೆನ್‌ಫುವಿನ ಬೂಟುಗಳು ಇಂದಿಗೂ ಕೆಸರಿನಲ್ಲೇ ಇವೆ. ಅವನು ಹಬ್ಬದ ದಿನವೂ ಕೊಟ್ಟಿಗೆಯಿಂದ ಹೊರಗೆ ಬರಲಿಲ್ಲ. ತಾನು ಮಾಡಿದ ಕುರ್ಚಿ ಗೆದ್ದಿತು ಎನ್ನುವುದು ಅವನಿಗೆ ಸಮಾಧಾನ ಕೊಡಲಿಲ್ಲ. ಅದು ಭಾರವಾದ ಮೇಲೆ ಗೆದ್ದಿತು. ವಾರ ಕಳೆದ ಮೇಲೆ ಬೊಂಗ್‌ಚೀ ಕುರ್ಚಿ ಓಡಿಸಿಕೊಂಡು ತಾನೇ ಬಂದಳು, ಈ ಸಲ ಈರುಳ್ಳಿ ಮಡಿಗೆ ಸುತ್ತು ಹಾಕಿಕೊಂಡು. ಅವನು ಅವಳಿಗೆ ಹೊಸ ಉಪಾಯ ಹೇಳಿದ: ಗಾಲಿಗೆ ನಲ್ಲಿ ಇಡುತ್ತೇನೆ, ಹಳ್ಳ ಬಂದಾಗ ಒಳಗೆ ನೀರು ಬಿಟ್ಟುಕೊಳ್ಳಿ, ದಾಟಿದ ಮೇಲೆ ಹೊರಗೆ ಬಿಡಿ.

"ನಲ್ಲಿ ಬೇಡ. ಬರುವಾಗ ಸಿಂಪಿ ಇರತ್ತೆ, ಭಾರಕ್ಕೆ ಯೋಚ್ನೆ ಇಲ್ಲ. ಹೋಗುವಾಗ ಖಾಲಿ. ಹೋಗುವಾಗಿನ ಭಾರಕ್ಕೆ ಏನಾದ್ರೂ ಮಾಡು."

"ಕಲ್ಲು ಇಟ್ಕೊಳ್ಳಿ."

"ಕಲ್ಲು ಆಚೆ ಹೋದ ಮೇಲೆ ಸುಮ್ನೆ ಕೂರತ್ತೆ. ನಂಗೆ ಅಲ್ಲಿ ಸರ ಹಿಡಿಯೋಕೆ, ದಾರ ಕೊಡೋಕೆ ಇನ್ನೆರಡು ಕೈ ಬೇಕು." ಅವಳು ಅವನ ಹೊಟ್ಟೆಯನ್ನು ನೋಡುತ್ತಿದ್ದಳು. ಹತ್ತಿರ ಕರೆದು, ಕಿರುಬೆರಳನ್ನು ಅವನ ಸೊಂಟದ ಪಟ್ಟಿಗೆ ತಗುಲಿಸಿ ಎತ್ತಿ ನೋಡಿದಳು. ಏಳಲಿಲ್ಲ. "ಇದು ಸರಿ," ಎಂದಳು.

ಒಳಗಿನಿಂದ ಸಿಯೂಲಾನ್ ನಗುವುದು ಕೇಳಿಸಿತು. ಮರುದಿನ ಅವಳು ಪೇಟೆಯಿಂದ ತೂತಿಲ್ಲದ ಸೌಟೊಂದನ್ನು ತಂದು ಗಂಡನಿಗೆ ಎರಡೆರಡು ಸಲ ಬಡಿಸಿದಳು. ತೂಕ ಇಳಿಯಬಾರದೆಂದು ಅಜ್ಜಿಯ ಅಪ್ಪಣೆಯಾಗಿದೆ ಎಂದಳು.

ಹೀಗೆ ಕುರ್ಚಿಯ ಹಿಂದೆ ಒಂದು ಹಲಗೆ ಬಂತು. ತಿಯೆನ್‌ಫು ಅದಕ್ಕೂ ತೂತು ಕೊರೆದಿದ್ದಾನೆ, ಆದರೆ ಸರ ಕಟ್ಟುವುದಕ್ಕೆಂದು ಹೇಳುತ್ತಾನೆ. ನೀರು ಇಳಿದ ದಿನಗಳಲ್ಲಿ ಬೊಂಗ್‌ಚೀ ಮುಂದೆ ಎಳೆಯುತ್ತಾಳೆ. ಹಿಂದೆ ದಾಜ್ಯಾದ ಮೇಸ್ತ್ರಿ ಮಡಚಿದ ಕಾಲಿನ ಮೇಲೆ ದಾರದ ಉಂಡೆ ಇಟ್ಟುಕೊಂಡು ಕೂತಿರುತ್ತಾನೆ. ಹಳ್ಳ ಬರುತ್ತದೆ. ನೀರು ಗಾಲಿಗೆ ಏರುತ್ತಿದ್ದಂತೆ ಅವನು ಹುಟ್ಟುಗುಣ ಬಿಡಲಾರದೆ ಉಸಿರು ಬಿಗಿಹಿಡಿದು, ಎರಡೂ ಕೈ ಊರಿ, ಹಲಗೆಯಿಂದ ಮೈಯನ್ನು ಕೊಂಚ ಮೇಲಕ್ಕೆ ಎತ್ತಿಕೊಳ್ಳುತ್ತಾನೆ.

"ತಿಯೆನ್‌ಫು," ಎನ್ನುತ್ತಾಳೆ ಬೊಂಗ್‌ಚೀ, ತಿರುಗಿ ನೋಡದೆ. "ಮೈಭಾರ ಹಲಗೆಗೆ ಬಿಟ್ಟು ಕೂತ್ಕೋ."